ಅಣ್ಣಯ್ಯನಿಗೆ, ಸುರಪುರ ಸೀಮೆಯವರಿಗೆ, ಊರಿಗೆ

ಕಳೆದ ಭಾನುವಾರ ಊರಿನ ಶಾಲೆಯಲ್ಲಿ ನೀವೆಲ್ಲ ಸೇರಿ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಿದಿರಿ. ಪುರಾತತ್ವದ ಕೆಲಸದಿಂದ ನಿವೃತ್ತಿಯಾಗಿ ಶಿರಸಿಗೆ ಮರಳಿದವನಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? ಮೈಕು ಕೈಗೆ ಬಂದಾಗ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದೇ ಉಳಿದದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಮಾಡಿಕೊಟ್ಟವರು ಪ್ರೀತಿಯಿಂದ ‘ಇವರು ಕಂಡುಹಿಡಿದರು’ ಎಂದು ಮತ್ತೆ ಮತ್ತೆ ಹೇಳಿದರು. ಪ್ರಾಗಿತಿಹಾಸದಲ್ಲಿ ಒಬ್ಬನೇ ಕೂತು ಏನನ್ನೂ ಕಂಡುಹಿಡಿಯಲು ಆಗುವುದಿಲ್ಲ. ಬರವಣಿಗೆ ಹುಟ್ಟುವ ಮೊದಲಿನ ಜನರ ಬದುಕು ಹುಡುಕುವ ಕೆಲಸ ಇದು. ಬನವಾಸಿಯಲ್ಲಿ ಸಿಕ್ಕ ಹಾಗೆ ಶಾಸನ ಸಿಗುವುದಿಲ್ಲ, ನಾಣ್ಯ ಸಿಗುವುದಿಲ್ಲ. ಕಲ್ಲಿನ ಚಕ್ಕೆ, ಬೂದಿ, ಎಲುಬಿನ ಚೂರು, ಮಣ್ಣಿನ ಬಣ್ಣ, ಇಷ್ಟರಲ್ಲೇ ಎಲ್ಲ ತಿಳಿಯಬೇಕು. ಅದಕ್ಕೆ ತುಂಬಾ ಜನರ ಕಣ್ಣು ಬೇಕು, ಕೈ ಬೇಕು. ವರದಿಯ ಮೇಲೆ ಮಾತ್ರ ಒಂದೇ ಹೆಸರು ಅಚ್ಚಾಗುತ್ತದೆ.

ಮೊದಲು ಅಣ್ಣಯ್ಯ ಮತ್ತು ಅತ್ತಿಗೆ. ಉತ್ಖನನ ನಡೆಯುವುದು ಮಳೆ ಮುಗಿದ ಮೇಲೆ, ಡಿಸೆಂಬರಿನಿಂದ ಬೇಸಿಗೆ ಏರುವ ತನಕ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವುದೂ ಆವಾಗಲೇ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಹಿಡಿದು ತರುವುದು, ಸುಲಿಯುವವರಿಗೆ ಹೇಳುವುದು, ಬೇಯಿಸುವುದು, ಅಟ್ಟದಲ್ಲಿ ಒಣಗಿಸುವುದು, ಎಲ್ಲ ಅವರಿಬ್ಬರ ತಲೆ ಮೇಲೆ. ಆದರೂ ನನ್ನ ಪಾಲಿನ ಹಣ ಒಂದು ವರ್ಷವೂ ತಪ್ಪಲಿಲ್ಲ. ಕಾಯಂ ಕೆಲಸ ಸಿಗುವ ಮೊದಲು, ಸಂಬಳ ಯಾವಾಗ ಬರುತ್ತದೆ ಎಂದೇ ಗೊತ್ತಿಲ್ಲದ ಗುತ್ತಿಗೆ ಕೆಲಸದ ದಿನಗಳಲ್ಲಿ, ನನ್ನ ಮನೆ ನಡೆದದ್ದು ಅದರಿಂದಲೇ. ಪುಣೆಯ ಡೆಕ್ಕನ್ ಕಾಲೇಜಿಗೆ ಓದಲು ಹೊರಟಾಗ ಅಣ್ಣಯ್ಯ ಬಸ್ ಸ್ಟ್ಯಾಂಡಿನಲ್ಲಿ ಇಷ್ಟೇ ಹೇಳಿದ್ದು: ‘ನೀ ಕಲ್ಲು ನೋಡು, ತೋಟ ನಂಗಿರಲಿ.’

ಆಯಿ, ನಮ್ಮ ಅಮ್ಮ, ಈಗಿಲ್ಲ. ಆದರೆ ನನ್ನ ಕೆಲಸದ ದಿಕ್ಕು ಬದಲಿಸಿದ ಪ್ರಶ್ನೆ ಅವಳದ್ದು. ಬಳ್ಳಾರಿ, ರಾಯಚೂರು, ಸುರಪುರದ ಕಡೆ ಬೂದಿದಿಬ್ಬಗಳಿವೆ. ಹತ್ತಿರ ಹೋದರೆ ಪದರ ಪದರವಾಗಿ ಬಿಳಿ ಬೂದಿ. ಕೆಲವು ಕಡೆ ಅದು ಬೆಂಕಿಯ ಕಾವಿಗೆ ಕರಗಿ, ತೂತು ತೂತಾಗಿ, ಗಾಜಿನ ಹಾಗೆ ಗಟ್ಟಿಯಾಗಿದೆ. ಇದು ಜ್ವಾಲಾಮುಖಿಯ ಬೂದಿ ಎಂದು ಹಿಂದೆ ಕೆಲವರು ವಾದಿಸಿದ್ದೂ ಉಂಟು. ಪುರಾತತ್ವಜ್ಞ ಆಲ್ಚಿನ್ ಅವರು 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ದಿಬ್ಬ ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ಬೂದಿಯ ಪಕ್ಕದಲ್ಲೇ ಜನ ವಾಸವಿದ್ದ ಜಾಗವನ್ನೂ ತೆಗೆದು ತೋರಿಸಿದರು. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು ಅದು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಾತು.

ರಜೆಯಲ್ಲಿ ಬಂದಾಗ ಇದರ ಫೋಟೋ ತೋರಿಸಿದೆ. ಆಯಿ ಕೊಟ್ಟಿಗೆಗೆ ದರಕು (ಒಣಗಿದ ಎಲೆ) ಹಾಸಿ ಬಂದವಳು, ಕೈ ಒರೆಸಿಕೊಂಡು ನೋಡಿದಳು. ‘ಅಷ್ಟೆಲ್ಲ ಗೊಬ್ಬರ ಸುಟ್ಟು ಹಾಕಿದ್ರೆ ಗದ್ದೆಗೆ ಎಂತ ಹಾಕಿದ್ರೋ?’ ಎಂದಳು. ಸೊಪ್ಪು ಹೊತ್ತು, ದರಕು ಗುಡಿಸಿ, ಬುಟ್ಟಿ ಬುಟ್ಟಿ ಗೊಬ್ಬರವನ್ನು ತೋಟಕ್ಕೆ ಸಾಗಿಸಿದವಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಇದು. ಗದ್ದೆಯನ್ನೇ ನಂಬಿದವರು ಗೊಬ್ಬರ ಸುಡುವುದಿಲ್ಲ. ಹಾಗಾದರೆ ಅವರ ಬದುಕು ಗದ್ದೆಗಿಂತ ದನವನ್ನೇ ಜಾಸ್ತಿ ನೆಚ್ಚಿಕೊಂಡಿತ್ತೇ? ಸುಡುವುದರಲ್ಲಿ ಏನಾದರೂ ಹರಕೆ, ಹಬ್ಬ ಇತ್ತೇ? ಮುಂದೆ ನಾನು ಬರೆದ ಎಷ್ಟೋ ಪುಟಗಳ ಹಿಂದೆ ಆಯಿಯ ಈ ಮಾತಿದೆ.

ಸುರಪುರ ಸೀಮೆಯ ಕೂಲಿ ಹೆಣ್ಣುಮಕ್ಕಳಿಗೆ ಹೇಗೆ ಥ್ಯಾಂಕ್ಸ್ ಹೇಳುವುದು? ಹುಣಸಗಿ–ಬೈಚಬಾಳ ಕಣಿವೆಯ ಹೆಸರು ನೀವು ಕೇಳಿರಬಹುದು. ಅಲ್ಲಿನ ಇಸಾಂಪುರದಲ್ಲಿ ಹಳೆ ಶಿಲಾಯುಗದವರು ಸುಣ್ಣಕಲ್ಲಿನ ಹಾಸು ಎಬ್ಬಿಸಿ, ಅಲ್ಲೇ ಕೂತು ಕೈಗೊಡಲಿ ಮಾಡಿದ್ದಾರೆ. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಲೆಕ್ಕ ಹಾಕಿದ್ದಾರೆ. ಆ ಸೀಮೆಯಲ್ಲೇ ನಾನೂ ಕ್ಯಾಂಪ್ ಹಾಕಿದ್ದು. ಬಿಸಿಲಲ್ಲಿ ಜರಡಿ ಹಿಡಿದು ಮಣ್ಣು ಸೋಸುವುದು ಬಲು ಬೇಸರದ ಕೆಲಸ. ಮನುಷ್ಯ ಹೊಡೆದ ಚಕ್ಕೆಯಲ್ಲಿ ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಕಾಲೇಜು ಹುಡುಗರಿಗೆ ಅದನ್ನು ಕಲಿಸಲು ಒಂದು ಸೀಸನ್ ಬೇಕಾಗುತ್ತಿತ್ತು. ಅಲ್ಲಿನ ಒಬ್ಬ ಅಜ್ಜಿ ಕೆಲವೇ ದಿನಗಳಲ್ಲಿ ಕಲಿತಳು. ನಾನು ಆಸೆಯಿಂದ ಎತ್ತಿಟ್ಟ ಒಂದು ಚೂರನ್ನು ತಿರುಗಿಸಿ ನೋಡಿ, ‘ಸರ, ಇದು ಮಂದಿ ಹೊಡದದ್ದಲ್ರಿ, ಬಿಸಲಿಗೆ ತಾನ ಬಿರದೈತಿ’ ಎಂದು ಪಕ್ಕಕ್ಕೆ ಹಾಕಿದಳು. ಅವಳು ಹೇಳಿದ್ದೇ ಸರಿ. ಅಮ್ಮಾ, ನಿಮ್ಮಂಥವರ ಕಣ್ಣಿನಿಂದ ನಮ್ಮ ಶಾಸ್ತ್ರ ನಿಂತಿದೆ.

ನನ್ನ ಹೆಂಡತಿಯ ಬಗ್ಗೆ ಬರೆದರೆ ಅವಳಿಗೆ ಇಷ್ಟವಾಗುವುದಿಲ್ಲ. ಆದರೂ ಒಂದು ಮಾತು. ವರದಿಗಳಲ್ಲಿರುವ ಕಲ್ಲಾಯುಧದ ಚಿತ್ರಗಳನ್ನು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ ತಿದ್ದಿದವಳು ಅವಳು. ಯಾವ ಪೆಟ್ಟು ಮೊದಲು ಬಿತ್ತು, ಯಾವುದು ಆಮೇಲೆ ಎಂಬುದು ಗೆರೆಯಲ್ಲೇ ಗೊತ್ತಾಗಬೇಕು. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂರುತ್ತಿದ್ದಳು.

ಸಭೆ ಮುಗಿದ ಮೇಲೆ ಹೈಸ್ಕೂಲಿನ ಹುಡುಗಿಯೊಬ್ಬಳು ‘ನಮ್ಮ ಜಿಲ್ಲೆಯಲ್ಲಿ ಆ ಕಾಲದ್ದು ಏನೂ ಇಲ್ವಾ?’ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಪುಟ್ಟಿ, ಅದಕ್ಕೂ ಥ್ಯಾಂಕ್ಸ್. ನಮ್ಮಲ್ಲಿ ಮಳೆ ವಿಪರೀತ, ಮಣ್ಣು ಹುಳಿ. ಅದರಲ್ಲಿ ಎಲುಬು ಉಳಿಯುವುದು ಕಷ್ಟ. ಕಾಡಿನ ದರಕಿನ ಕೆಳಗೆ ಸಣ್ಣ ಚಕ್ಕೆ ಕಾಣುವುದೂ ಕಷ್ಟ. ಇನ್ನು ಕರಾವಳಿ. ಸುಮಾರು 20 ಸಾವಿರ ವರ್ಷ ಹಿಂದೆ ಹಿಮಯುಗದಲ್ಲಿ ಸಮುದ್ರ ಈಗಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಕಾರವಾರ, ಅಂಕೋಲೆಯ ಎದುರಿನ ನೀರು ಆಗ ಒಣನೆಲ. ಕಾಳಿ, ಗಂಗಾವಳಿ, ಅಘನಾಶಿನಿ ಎಲ್ಲ ಇನ್ನೂ ಎಷ್ಟೋ ದೂರ ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದವು. ಆ ದಡದಲ್ಲಿ ಯಾರಾದರೂ ಬದುಕಿದ್ದರೆ ಅವರ ಗುರುತು ಈಗ ನೀರಿನಡಿ. ಸಿಗದಿರುವುದಕ್ಕೂ ಇರಲಿಲ್ಲ ಎನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ ಅಲ್ವಾ?

ಈ ವಿಷಯ ತಲೆಗೆ ಹೊಕ್ಕ ಮೇಲೆ ಕಾರವಾರದ ಬೈತಖೋಲ ಬಂದರಿನ ಮೀನುಗಾರ ಅಣ್ಣಂದಿರನ್ನು ಎಷ್ಟು ಪೀಡಿಸಿದ್ದೇನೋ. ಎಲ್ಲಿ ಬಲೆ ಕಲ್ಲಿಗೆ ಸಿಕ್ಕುತ್ತದೆ, ಎಲ್ಲಿ ತಳದಲ್ಲಿ ಕೆಸರು, ಎಲ್ಲಿ ಮರಳು, ಎಲ್ಲವನ್ನೂ ಬಲೆ ಹೊಲಿಯುತ್ತಲೇ ಹೇಳಿದರು. ಚಾ ಕುಡಿಸಿ ಕಳಿಸಿದರು. ಅವರಿಗೂ ನಮಸ್ಕಾರ.

ಇನ್ನು ಊರಿನಲ್ಲೇ ಇರುತ್ತೇನೆ. ಬಾವಿ ತೋಡುವಾಗ, ತೋಟದ ಕಪ್ಪು (ನೀರು ಹರಿಯುವ ಕಾಲುವೆ) ತೆಗೆಯುವಾಗ ನಯವಾದ ಕೊಡಲಿಯಂಥ ಕಲ್ಲೋ, ಚೂಪಾದ ಬೆಣಚುಕಲ್ಲಿನ ಚೂರುಗಳೋ ಒಟ್ಟಿಗೆ ಕಂಡರೆ ದಯವಿಟ್ಟು ಅಲ್ಲೇ ಬಿಡಿ, ತೊಳೆಯಬೇಡಿ. ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ ಇತ್ತು ಎಂಬುದೇ ಮುಖ್ಯ. ಮನೆಗೆ ಹೇಳಿ ಕಳಿಸಿ. ಮಳೆಯಿದ್ದರೂ ಬರುತ್ತೇನೆ.