ಮ್ಯಾರಥಾನ್ ಮುಗಿಸಿದ ಸದಸ್ಯರಿಗೆ ಈ ವಾರದ ಸೂಚನೆ

ಭಾನುವಾರ 42.195 ಕಿ.ಮೀ. ಓಡಿ ಮುಗಿಸಿದ ಸದಸ್ಯರು ಬುಧವಾರದವರೆಗೆ ಓಡುವುದು ಬೇಡ. ಕಬ್ಬನ್ ಪಾರ್ಕಿನಲ್ಲಿ ಅರ್ಧ ಗಂಟೆ ನಿಧಾನವಾಗಿ ನಡೆದರೆ ಸಾಕು. ಸ್ನಾಯುಗಳ ನೋವು ಹೆಚ್ಚಿನವರಲ್ಲಿ ಎರಡನೆಯ ದಿನದ ಹೊತ್ತಿಗೆ ಬಲಿಯುವುದರಿಂದ, ಸೋಮವಾರ ಮೈ ಹಗುರವೆನಿಸಿತೆಂದು ಯಾರೂ ಮೋಸಹೋಗಬಾರದು. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತಿದ್ದರೆ ವಿಶ್ರಾಂತಿಯನ್ನೇ ಮುಂದುವರಿಸಬೇಕು.

ನೋವು ಇಳಿದವರು ಗುರುವಾರ 20 ನಿಮಿಷ ಸೈಕಲ್ ತುಳಿದು, ಶನಿವಾರ ಲಾಲ್‌ಬಾಗಿನಲ್ಲಿ ಪಕ್ಕದವರೊಡನೆ ಏದುಸಿರಿಲ್ಲದೆ ಮಾತನಾಡಬಹುದಾದಷ್ಟು ನಿಧಾನಗತಿಯಲ್ಲಿ 4 ಕಿ.ಮೀ. ಓಡಬಹುದು, ಬಂಡೆ ಹತ್ತುವ ಉತ್ಸಾಹ ಮಾತ್ರ ಬೇಡ, ಏಕೆಂದರೆ ಇಳಿಜಾರಿನಲ್ಲೇ ತೊಡೆಗಳಿಗೆ ಹೆಚ್ಚು ಪೆಟ್ಟು. ಊಟದಲ್ಲಿ ಅನ್ನ, ಬೇಳೆ, ಮೊಸರಿಗೆ ಕೊರತೆಯಾಗದಿರಲಿ. ಬೆಳಗ್ಗೆ ಏಳುವಾಗ ನಾಡಿಬಡಿತ ಎಂದಿಗಿಂತ ಹೆಚ್ಚಿದ್ದರೆ ಅಂದಿನ ಅಭ್ಯಾಸವನ್ನು ಬಿಡತಕ್ಕದ್ದು. ಮೂಳೆಯ ಮೇಲೆ ಒಂದೇ ಕಡೆ ಚುಚ್ಚುವ ನೋವಿದ್ದವರು ವೈದ್ಯರನ್ನು ಕಂಡ ಬಳಿಕವೇ ಬರಬೇಕು.