ಕುದುರೆ, ನಾಯಿಗಳ ಮಸಾಜ್ ಕಲಿಸಿದ ಎಲ್ಲರಿಗೂ

ಕುದುರೆ ಮತ್ತು ನಾಯಿಗಳ ಮಸಾಜ್ ಕೋರ್ಸ್ ಮುಗಿಯಿತು. ಪ್ರಾಕ್ಟಿಕಲ್ ಪರೀಕ್ಷೆಯೂ ಪಾಸಾಗಿ ಸರ್ಟಿಫಿಕೇಟ್ ಕೈಗೆ ಬಂದಿದೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿದ್ದಾಯಿತು. ಆದರೂ ಇಷ್ಟು ಜನ ಸೇರಿ ಕಲಿಸಿದ್ದನ್ನು ನಾಲ್ಕು ಜನರ ಮುಂದೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಮೇಡಂ, ಮೊದಲು ನಿಮಗೆ. ಕೈಯಲ್ಲಿ ಬಲ ಇದ್ದರೆ ಸಾಕು, ಮಸಾಜ್ ಬಂದುಬಿಡುತ್ತೆ ಅಂದುಕೊಂಡವರು ನಮ್ಮಲ್ಲಿ ಸುಮಾರು ಜನ ಇದ್ದರು. ನೀವು ಶುರುವಿನಲ್ಲಿ ಯಾರಿಗೂ ಪ್ರಾಣಿಯ ಮೇಲೆ ಕೈ ಇಡಲು ಬಿಡಲಿಲ್ಲ. ಸುಮ್ನೆ ನಿಂತು ನೋಡಿ ಅಂದಿರಿ. ಯಾವ ಕಾಲಿನ ಮೇಲೆ ಭಾರ ಹಾಕುತ್ತಿದೆ, ಯಾವ ಕಡೆ ತಿರುಗಲು ಹಿಂದೆಮುಂದೆ ನೋಡುತ್ತಿದೆ, ಕಿವಿ ಎತ್ತ ಇದೆ, ಬಾಲ ಯಾಕೆ ಬೀಸಿತು. ಮಸಾಜ್ ನಡುವೆ ಕುದುರೆ ತಲೆ ಇಳಿಬಿಟ್ಟು ಬಾಯಾಡಿಸಿದರೆ, ಆಕಳಿಸಿದರೆ, ಸಾಮಾನ್ಯವಾಗಿ ಮೈಯ ಬಿಗಿ ಬಿಡುತ್ತಿದೆ ಅಂತ. ನಾಯಿ ಮತ್ತೆ ಮತ್ತೆ ಆಕಳಿಸಿ, ಮೂಗು ನೆಕ್ಕಿಕೊಂಡು, ಮುಖ ಆಚೆ ತಿರುಗಿಸಿದರೆ ಅದಕ್ಕೆ ಕಸಿವಿಸಿ ಆಗುತ್ತಿದೆ, ಕೈ ತೆಗೆಯಬೇಕು. ಎರಡೂ ಪ್ರಾಣಿಗಳ ಜೊತೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಸ್ನಾಯುಗಳ ಹೆಸರು ಪುಸ್ತಕದಲ್ಲೂ ಸಿಗುತ್ತವೆ. ಪ್ರಾಣಿ ಬೇಡ ಅನ್ನುವುದನ್ನು ಗುರುತಿಸಲು ಕಲಿತದ್ದು ನಿಮ್ಮಿಂದ.

ಆಮೇಲೆ ಆ ಬಿಳಿ ಹೆಣ್ಣು ಕುದುರೆ, ಮತ್ತೆ ಅದನ್ನು ನಂಬಿ ನಮ್ಮ ಕೈಗೆ ಕೊಟ್ಟ ಅದರ ಯಜಮಾನರು. ಅದಕ್ಕೆ ನೋವಿದ್ದದ್ದು ಹೆಗಲ ಹಿಂದೆ, ಎಡಗಡೆ, ಜೀನು ಕೂರುವ ಜಾಗದಲ್ಲಿ. ಬೆರಳು ತಾಗಿದ ಕೂಡಲೇ ಚರ್ಮ ಅದುರುತ್ತಿತ್ತು, ಬೆನ್ನು ಕುಗ್ಗುತ್ತಿತ್ತು, ಕಿವಿ ಹಿಂದಕ್ಕೆ ಹೋಗುತ್ತಿತ್ತು. ಒತ್ತಬೇಡ, ಅಂಗೈ ಇಟ್ಟು ಕಾಯಿ ಅಂದರು ಮೇಡಂ. ಕಾದೆ. ಕೈಯಡಿ ಬೆಚ್ಚಗಾದ ಮೇಲೆ, ಕೂದಲು ಮಲಗಿದ ದಿಕ್ಕಿನಲ್ಲೇ ಕತ್ತಿನಿಂದ ಸೊಂಟದವರೆಗೆ ನೇವರಿಸುತ್ತಾ ಹೋದೆ, ಒಂದು ಕೈ ಸದಾ ಮೈಮೇಲೇ ಇರುವ ಹಾಗೆ. ಆಮೇಲೆ ಅಂಗೈಯ ಬುಡದಿಂದ ಮೆಲ್ಲಗೆ ಒತ್ತುವುದು, ಬಿಡುವುದು. ಸ್ವಲ್ಪ ಹೊತ್ತಿಗೆ ಕೆಳತುಟಿ ಜೋತುಬಿತ್ತು. ಒಂದು ಹಿಂಗಾಲು ಸಡಿಲವಾಯಿತು. ಮೂಗಿನಿಂದ ಫುರ್ರ್ ಅಂತ ಉದ್ದನೆಯ ಉಸಿರು ಬಂತು. ಹಲಗೆಯ ಹಾಗಿದ್ದ ಮಾಂಸ ಮೆತ್ತಗಾದದ್ದು ಬೆರಳಿಗೇ ಗೊತ್ತಾಯಿತು. ಸರ್, ಜೀನು ಒಂದು ಕಡೆ ಜಾಸ್ತಿ ಒತ್ತುತ್ತಿರಬಹುದು, ಒಮ್ಮೆ ಪರೀಕ್ಷೆ ಮಾಡಿಸಿ ಅಂದಾಗ ನೀವು ಕಲಿಯುವವಳ ಮಾತು ಅಂತ ತಳ್ಳಿಹಾಕದೆ ಮಾಡಿಸಿದಿರಿ. ಜೀನು ಸರಿ ಹೋಗದೆ ಎಷ್ಟು ಮಸಾಜ್ ಮಾಡಿದರೂ ಆ ನೋವು ವಾಪಸ್ ಬರುತ್ತದೆ, ಅಲ್ವಾ.

ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಅಣ್ಣನಿಗೆ ನನ್ನ ಕೈಕಾಲು ನೆಟ್ಟಗಿರುವುದಕ್ಕೇ ಥ್ಯಾಂಕ್ಸ್ ಹೇಳಬೇಕು. ನೇರ ಹಿಂದೆ ನಿಂತರೆ ಕುದುರೆಗೆ ಕಾಣುವುದಿಲ್ಲ, ಹೆಗಲ ಪಕ್ಕ ನಿಲ್ಲು. ಹಿಂದಿನಿಂದ ದಾಟುವಾಗ ಕೈ ಬೆನ್ನ ಮೇಲೆ ಸವರುತ್ತಾ, ಮೈಗೆ ಅಂಟಿಕೊಂಡೇ ದಾಟು. ಕಾಲಿನ ಕೆಲಸಕ್ಕೆ ಬಗ್ಗು, ನೆಲಕ್ಕೆ ಮಾತ್ರ ಕೂರಬೇಡ. ಇವೆಲ್ಲ ಅಣ್ಣ ದಿನವೂ ಬೇಸರವಿಲ್ಲದೆ ಹೇಳಿದ ಮಾತುಗಳು.

ಡಾಕ್ಟರ್, ನೀವು ಕಲಿಸಿದ್ದು ಯಾವಾಗ ಮುಟ್ಟಬಾರದು ಅನ್ನುವುದನ್ನು. ಜ್ವರ ಇದ್ದರೆ, ಗಾಯ ಹಸಿಯಾಗಿದ್ದರೆ, ಯಾವ ಗಂಟು ಅಂತ ಗೊತ್ತಿಲ್ಲದಿದ್ದರೆ ಕೈ ಇಡಬಾರದು. ಓಡಿ ಬಂದ ಕುದುರೆಯ ಹಿಂಭಾಗದ ಸ್ನಾಯು ಕಲ್ಲಾಗಿ, ಬೆವರಿ, ಮೂತ್ರ ಕಪ್ಪಗೆ ಬಂದರೆ ಮಸಾಜೂ ಬೇಡ, ನಡೆಸುವುದೂ ಬೇಡ, ತಕ್ಷಣ ಪಶುವೈದ್ಯರನ್ನು ಕರೆಯಬೇಕು. ರೋಗ ಏನು ಅಂತ ಹೇಳುವುದು ನಿಮ್ಮ ಕೆಲಸ, ನನ್ನದಲ್ಲ. ಈ ಗೆರೆ ನನಗೆ ಧೈರ್ಯ ಕೊಟ್ಟಿದೆ.

ಸೊಂಟದ ಕೀಲು ಸವೆದ ಆ ಮುದಿ ನಾಯಿಯನ್ನು ಪ್ರತಿ ವಾರ ಎತ್ತಿಕೊಂಡು ಬಂದ ಅಕ್ಕ, ನಿಮ್ಮನ್ನು ಮರೆಯುವುದುಂಟೇ? ನೋವು ಸೊಂಟದಲ್ಲಿ, ಹೆಗಲಿಗೆ ಯಾಕೆ ಮಸಾಜ್ ಅಂತ ಕೇಳಿದ್ದಿರಿ. ಮಾಮೂಲಾಗಿಯೇ ನಾಯಿಯ ಭಾರದಲ್ಲಿ ಶೇಕಡ 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಸೊಂಟ ನೋಯುವಾಗ ಇನ್ನಷ್ಟು ಭಾರ ಮುಂದಕ್ಕೆ ಬರುತ್ತದೆ. ಮುಂಗಾಲನ್ನು ಎದೆಗೂಡಿಗೆ ಹಿಡಿದಿಟ್ಟಿರುವುದು ಬರೀ ಸ್ನಾಯುಗಳು, ನಮ್ಮ ಹಾಗೆ ಕೊರಳೆಲುಬಿನ ಆಸರೆ ಇಲ್ಲ. ಆ ಸ್ನಾಯುಗಳು ದಿನವಿಡೀ ದುಡಿಯುತ್ತವೆ, ಪಾಪ. ನಿಮ್ಮ ಮುದುಕ ತಾನಾಗಿ ಪಕ್ಕಕ್ಕೆ ಒರಗಿ ಹೆಗಲನ್ನು ನನ್ನ ಕೈಗೆ ಕೊಟ್ಟ ದಿನ ನೀವು ಅತ್ತಿರಿ. ನನ್ನ ಕಣ್ಣೂ ತುಂಬಿತ್ತು.

ಬ್ಯಾಚಿನ ಗೆಳೆಯರೇ, ಕುದುರೆಯ ಮೈಮೇಲೆ ಚಾಕ್‌ನಲ್ಲಿ ಮೂಳೆ ಬರೆದು ಕಲಿತದ್ದು, ಕುದುರೆಗೆ 18 ಜೊತೆ ಪಕ್ಕೆಲುಬು, ನಾಯಿಗೆ 13 ಅಂತ ರಾತ್ರಿ ವಾಯ್ಸ್ ಮೆಸೇಜಿನಲ್ಲಿ ಒಬ್ಬರಿಗೊಬ್ಬರು ಒಪ್ಪಿಸಿದ್ದು, ಎಲ್ಲ ನೆನಪಿದೆ. ಅಪ್ಪ, ಅಮ್ಮ, ಇದೂ ಒಂದು ಕೆಲಸವಾ ಅಂತ ಕೇಳಿದವರಿಗೆಲ್ಲ ನೀವೇ ಉತ್ತರ ಕೊಟ್ಟಿರಿ.

ಮುಂದಿನ ತಿಂಗಳು ನಾಯಿಗಳಿಂದ ಶುರು ಮಾಡುತ್ತೇನೆ. ಕುದುರೆಗಳ ಕೆಲಸಕ್ಕೆ ಇನ್ನೂ ಸ್ವಲ್ಪ ಕಾಲ ಮೇಡಂ ಜೊತೆಗೇ ಹೋಗುತ್ತೇನೆ. ಕರೆದುಕೊಂಡು ಹೋಗಲು ಅವರು ಒಪ್ಪಿದ್ದಾರೆ. ಮೇಡಂ, ಅದಕ್ಕೂ ಥ್ಯಾಂಕ್ಸ್.