ಅಡುಗೆಮನೆಯ ಎರಡನೇ ಗಡಿಯಾರ

ಮೆಲ್ಬರ್ನ್ ಬಿಟ್ಟು ಆಲ್ದೂರಿನ ಮನೆಗೆ ಬಂದು ಮೊನ್ನೆಗೆ ಒಂದು ವರ್ಷವಾಯಿತು. ಸ್ಟ್ರೋಕ್ ಆದಾಗ ಮಗ್ಗುಲು ಬದಲಿಸಲೂ ಆಗದಿದ್ದ ಅಪ್ಪ ಈಗ ಕೋಲು ಹಿಡಿದು ಕಾಫಿ ಕಣಕ್ಕೆ ಎರಡು ಸುತ್ತು ಬರುತ್ತಾರೆ. ಹಾಗಾಗಿ ಮೊದಲ ಥ್ಯಾಂಕ್ಸ್, ಜಡಿಮಳೆಯಲ್ಲೂ ಸ್ಕೂಟರಿನಲ್ಲಿ ಬಂದು ಅವರನ್ನು ನಡೆಸಿದ ಫಿಸಿಯೋ ಹುಡುಗನಿಗೆ. ಅಪ್ಪನ ಬೈಗುಳ ತಿಂದೂ ನಗುತ್ತಿದ್ದ ಪುಣ್ಯಾತ್ಮ. ಆಮೇಲೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರಿಗೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಸ್ವಿಚ್ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ. ಕೊಯ್ಲು ಮುಗಿಯುವವರೆಗೆ ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ.

ಉಳಿದವರಿಗೆ ಥ್ಯಾಂಕ್ಸ್ ಹೇಳುವ ಕಾರಣ ಬೇರೆ. ಹೇಳಿದರೆ ನಗ್ತೀರಿ.

ಒಂಬತ್ತು ವರ್ಷ ಅಲ್ಲಿ ಕಳಲೆ ಪಲ್ಯ, ಅಕ್ಕಿ ರೊಟ್ಟಿ ಅಂತ ಹಲುಬಿದವಳು ನಾನು. ಇಲ್ಲಿ ಬಂದು ತಿಂಗಳಾಗುವಷ್ಟರಲ್ಲಿ 96ನೇ ನಂಬರಿನ ಟ್ರಾಮ್ ಕನಸಿಗೆ ಬರತೊಡಗಿತು! ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಹತ್ತಿ, ಟಿಕೆಟ್ ಬದಲಿನ ಮೈಕಿ ಕಾರ್ಡ್ ಮುಟ್ಟಿಸಿ ಕೂತರೆ ಸೇಂಟ್ ಕಿಲ್ಡಾ ಬೀಚ್ ಬರುವವರೆಗೂ ಯಾರೂ ಏನೂ ಕೇಳುತ್ತಿರಲಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರೋಡಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಸಾಕು, "ಯಾರ ಮಗಳು? ವಾಪಸ್ ಯಾಕೆ ಬಂದೆ? ಮದುವೆ ಆಯ್ತಾ?" ಪ್ರೀತಿಯಿಂದಲೇ ಕೇಳ್ತಾರೆ, ಗೊತ್ತು. ಆದರೂ ಯಾರ ಮಗಳೂ ಅಲ್ಲದೆ ಒಂದು ಗಂಟೆ ಕೂರುವ ಸುಖ ಇದೆಯಲ್ಲ, ಅದಕ್ಕೆ ಜೀವ ಹಾತೊರೆಯುತ್ತಿತ್ತು. ಆಲ್ದೂರು ಬಸ್ಸಿನ ಕಂಡಕ್ಟರಣ್ಣ, ನಾನು ಕಿಟಕಿಗೆ ತಲೆ ಆನಿಸಿದ ದಿನ ಶೂನ್ಯ ಟಿಕೆಟ್ ಕೊಟ್ಟು ಸುಮ್ನೆ ಮುಂದೆ ಹೋಗ್ತಿದ್ರಿ. ಅಷ್ಟು ಹೊತ್ತು ನನಗದು ಟ್ರಾಮೇ.

ಕಾಫಿಯ ಕತೆ ಇನ್ನೂ ನಾಚಿಕೆಗೇಡು. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದರು ಎನ್ನುವ ಜಿಲ್ಲೆಯವಳು ನಾನು. ಆದರೆ ನಮ್ಮ ಮನೆಯ ಒಳ್ಳೆ ಅರೇಬಿಕಾ ಎಲ್ಲ ಮೂಟೆ ಕಟ್ಟಿ, ಬೀಜ ಹಸನು ಮಾಡುವ ಕ್ಯೂರಿಂಗಿಗೆ ಹೋಗುತ್ತದೆ. ನಮಗೆ ಉಳಿಯುವುದು ಉದುರಿದ ಬೀಜದ ಪುಡಿ, ಅದಕ್ಕೆ ಚಿಕೋರಿ, ಮೇಲೆ ಬೆಲ್ಲ. ಚಿಕೋರಿ ಬೆರೆಸದ ಕಾಫಿ ಹೇಗಿರುತ್ತೆ ಅಂತ ನನಗೆ ಗೊತ್ತಾಗಿದ್ದು ಮೆಲ್ಬರ್ನಿನ ಫ್ಲ್ಯಾಟ್ ವೈಟ್ ಅನ್ನೋ ಹಾಲಿನ ಕಾಫಿ ಕುಡಿದಾಗ. ಪೇಟೆಯ ಕಾಫಿಪುಡಿ ಅಂಗಡಿಯಲ್ಲಿ "ಚಿಕೋರಿ ಬೇಡ, ಹುರಿಯೋದೂ ಸ್ವಲ್ಪ ಕಮ್ಮಿ ಮಾಡಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಅದೇನು ಕಾಫಿನೋ, ಕಷಾಯನೋ?" ಅಂದರು. ಈಗ ಪ್ರತಿ ಶನಿವಾರ ಕಾಲು ಕೆಜಿ ಪೊಟ್ಟಣ ತೆಗೆದಿಟ್ಟಿರುತ್ತಾರೆ. ಮೇಲೆ ಪೆನ್ನಿನಲ್ಲಿ 'ಆಸ್ಟ್ರೇಲಿಯಾ' ಅಂತ ಬರೆದಿರುತ್ತದೆ.

ಇನ್ನು ಅಮ್ಮ. ನಾನು ವಿಮಾನ ಹತ್ತಿದ ವಾರವೇ ಅಡುಗೆಮನೆಯಲ್ಲಿ ಎರಡನೇ ಗಡಿಯಾರ ತೂಗುಹಾಕಿದ್ದಳು. ಅದರಲ್ಲಿ ಮೆಲ್ಬರ್ನ್ ಟೈಮು, ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಕ್ಟೋಬರಿನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರ ಒಂದು ಗಂಟೆ ಮುಂದಿಟ್ಟರೆ, ಇವಳೂ ಸ್ಟೂಲ್ ಹತ್ತಿ ಆ ಅಂತರವನ್ನು ಐದೂವರೆ ಗಂಟೆ ಮಾಡುತ್ತಿದ್ದಳು. ವಾಪಸ್ ಬಂದ ಮೇಲೆ "ಇನ್ಯಾಕಮ್ಮ ಇದು, ತೆಗೆದುಬಿಡೋಣ" ಅಂದೆ. "ಇರ್ಲಿ ಬಿಡು, ನಿಂಗೆ ಬೇಕಾಗತ್ತೆ" ಅಂದಳು. ಯಾಕೆ ಬೇಕು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಸಲದ ಅಕ್ಟೋಬರಿನಲ್ಲಿ ನನಗೆ ಆ ಭಾನುವಾರ ಮರೆತೇ ಹೋಗಿತ್ತು. ಬೆಳಗ್ಗೆ ಎದ್ದು ಅಡುಗೆಮನೆಗೆ ಹೋದರೆ ಅಮ್ಮ ಸ್ಟೂಲಿನ ಮೇಲೆ ನಿಂತು ಮುಳ್ಳು ತಿರುಗಿಸುತ್ತಿದ್ದಳು. ಅಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸ್ಟೂಲು ಹಿಡಿದುಕೊಂಡಿದ್ದರು.